ಸೇರ್ಪಡೆಯೋ ಬದಲಾವಣೆಯೋ: ವಿವಾಹಾನಂತರದ ಸ್ತ್ರೀನಾಮ ಕುರಿತು ಒಂದು ವಿವೇಚನೆ

೧

ವಿವಾಹವಾದ ಹೆಣ್ಣು ತನ್ನ ಅಡ್ಡಹೆಸರನ್ನು ಬದಲಿಸಿಕೊಳ್ಳಬೇಕೆ ಎಂಬ ಪ್ರಶ್ನೆಯನ್ನು ಸಮಾಜಶಾಸ್ತ್ರಜ್ಞರೂ ನ್ಯಾಯಶಾಸ್ತ್ರಜ್ಞರೂ ತಮ್ಮ ತಮ್ಮ ನೆಲೆಗಳಿಂದ ಚರ್ಚಿಸಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅದನ್ನು ಕೈಗೆತ್ತಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಕರ್ತೃವಿನ ಹೆಸರು ಸಾಹಿತ್ಯ ಚರಿತ್ರೆಯ ಮೊದಲ ಆಕರ. ಅದು ನಡುವೆ ತುಂಡಾದರೆ ಚರಿತ್ರೆಯೂ ತುಂಡಾಗುತ್ತದೆ. ಎರಡನೆಯದಾಗಿ, ಅಡ್ಡಹೆಸರು ಎಂಬ ವಸ್ತುವೇ ಕನ್ನಡದಲ್ಲಿ ಎಲ್ಲೆಡೆ ಒಂದೇ ಬಗೆಯದಲ್ಲ. ಹೊರಗಿನ ಚರ್ಚೆಯನ್ನು ಹಾಗೆಯೇ ತಂದು ನಮ್ಮ ಹೆಸರುಗಳಿಗೆ ಅನ್ವಯಿಸಿದಲ್ಲಿ ದೊರೆಯುವ ಉತ್ತರ ಅರೆಸತ್ಯವಾಗಿರುತ್ತದೆ.

ಹಳೆಯ ಮೈಸೂರಿನ ಕಡೆ ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳು ವ್ಯಕ್ತಿಯ ಹೆಸರಿಗೆ ಮುಂದಾಗಿ ನಿಲ್ಲುತ್ತವೆ. ಅಡ್ಡಹೆಸರು ಇಲ್ಲದವರೇ ಅಲ್ಲಿ ಹೆಚ್ಚು. ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಉತ್ತರದ ಜಿಲ್ಲೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಮೂರು ಅಂಗಗಳ ಕ್ರಮ ನೆಲೆಗೊಂಡಿದೆ. ಕರಾವಳಿಯಲ್ಲಿ ತಾಯಿಯಿಂದ ಬರುವ ಬಳಿಯ ಅಥವಾ ಬರಿಯ ಹೆಸರು ಇದೆ. ಒಂದೇ ಭಾಷೆಯನ್ನಾಡುವ ನಾಡಿನೊಳಗೆ ಹೀಗೆ ಮೂರು ಪದ್ಧತಿಗಳು ಒಟ್ಟಿಗೆ ಬಾಳಿವೆ.

ಈ ಮೂರೂ ಪದ್ಧತಿಗಳು ಒಂದೇ ಅರ್ಜಿ ನಮೂನೆಯ ಎದುರು ನಿಲ್ಲುವ ಎಡೆಗಳು ನಾಡಿನ ಹೊರಗಿವೆ. ಠಾಣೆ ಮಹಾನಗರಪಾಲಿಕೆಗೆ ಸೇರಿದ ದಿವಾ ಅಂಥದೊಂದು ಎಡೆ. ಮುಂಬ್ರಾದಿಂದ ಡೊಂಬಿವಲಿಯ ಕಡೆಗೆ ಹೋಗುವ ದಾರಿಯಲ್ಲಿ ವಸಯಿಗೂ ಪನವೇಲಿಗೂ ಹಳಿಗಳು ಕವಲೊಡೆಯುವ ಈ ಜಂಕ್ಷನ್ನಿನ ಆಚೀಚೆ, ಠಾಣೆಯಿಂದ ಕಲ್ಯಾಣದವರೆಗೆ, ಹೊಟೇಲು, ಕಾರಖಾನೆ, ಕಟ್ಟಡ ಕೆಲಸ, ಕಚೇರಿಗಳನ್ನು ನೆಚ್ಚಿ ಬಂದ ತುಳು-ಕನ್ನಡಿಗರೂ ಉತ್ತರ ಕರ್ನಾಟಕದವರೂ ನೆಲಸಿದ್ದಾರೆ. ಇಲ್ಲಿಯ ಶಾಲೆಯ ದಾಖಲೆ, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ ಎಲ್ಲವೂ ಮಹಾರಾಷ್ಟ್ರದ ಮೂರಂಗದ ಕ್ರಮವನ್ನು ನಿರೀಕ್ಷಿಸುತ್ತವೆ. ಮದುವೆಯಾದ ಹೆಣ್ಣಿನ ಹೆಸರಿನಲ್ಲಿ ನಡುವಣ ಅಂಗ ತಂದೆಯಿಂದ ಗಂಡನಿಗೂ ಕೊನೆಯ ಅಂಗ ತವರಿನಿಂದ ಗಂಡನ ಮನೆಗೂ ವರ್ಗವಾಗುವುದು ಆ ಕ್ರಮದ ರೂಢಿ. ಮರಾಠಿ ಮದುವೆಗಳ ಒಂದು ಸಂಪ್ರದಾಯದಂತೆ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರನ್ನು ಬರೆದು ಮೊದಲ ಅಂಗವನ್ನೂ ಬದಲಿಸುವುದುಂಟು. ಆಗ ಹಳೆಯ ಹೆಸರಿನಲ್ಲಿ ಒಂದಕ್ಷರವೂ ಉಳಿಯುವುದಿಲ್ಲ.

ಈ ಹಿನ್ನೆಲೆಯಲ್ಲಿ ನಾವು ಪರಿಶೀಲಿಸಬಯಸುವುದು ಇಷ್ಟು: ಹೆಣ್ಣಿನ ಹೆಸರಿಗೆ ಸಂಬಂಧವೊಂದು ಸೇರುವುದು ಬೇರೆ, ಸಂಬಂಧವೊಂದು ಅವಳ ಹೆಸರನ್ನು ಕಳೆದು ಆ ಜಾಗದಲ್ಲಿ ಕುಳಿತುಕೊಳ್ಳುವುದು ಬೇರೆ. ಕನ್ನಡದ ಹಳೆಯ ಆಕರಗಳು ಮೊದಲನೆಯದನ್ನು ಧಾರಾಳವಾಗಿ ಬಲ್ಲವು. ಎರಡನೆಯದನ್ನು ಸಂಪ್ರದಾಯವೆಂದು ಕರೆಯಲು ಆ ಆಕರಗಳಲ್ಲಿ ಆಧಾರ ಕಾಣುವುದಿಲ್ಲ.

೨

ಹತ್ತನೆಯ ಶತಮಾನದ ಅತ್ತಿಮಬ್ಬೆಯಿಂದ ಆರಂಭಿಸಬಹುದು. ರನ್ನನ ಅಜಿತಪುರಾಣವೂ (ಕ್ರಿ.ಶ. ೯೯೩) ಲಕ್ಕುಂಡಿಯ ೧೦೦೭ರ ಶಾಸನವೂ ಆಕೆಯನ್ನು ಕೊಂಡಾಡುತ್ತವೆ. ಮಲ್ಲಪನ ಮಗಳು, ನಾಗದೇವನ ಮಡದಿ, ಅಣ್ಣಿಗದೇವನ ತಾಯಿ ಎಂಬ ಮೂರು ಸಂಬಂಧಗಳಿಂದ ನಾವು ಆಕೆಯನ್ನು ಅರಿಯುತ್ತೇವೆ. ಆದರೆ ಈ ಮೂರೂ ಹೆಸರಿನ ಸುತ್ತ ನಿಂತ ವಿಶೇಷಣಗಳು. ಹೆಸರು ಮಾತ್ರ ಅತ್ತಿಮಬ್ಬೆಯೆಂದೇ ಉಳಿಯುತ್ತದೆ. ಆಕೆಗೆ ಅಂಟಿ ಬಂದ ಪ್ರಸಿದ್ಧವಾದ ಎರಡನೆಯ ಹೆಸರು ದಾನಚಿಂತಾಮಣಿ. ಅದು ತಂದೆಯಿಂದಲೂ ಬಂದುದಲ್ಲ, ಗಂಡನಿಂದಲೂ ಬಂದುದಲ್ಲ, ಆಕೆಯ ಕೃತ್ಯದಿಂದ ಬಂದುದು. ರನ್ನ ತನ್ನ ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟನೆಂಬ ಸಂಗತಿ ಇಲ್ಲಿ ಗಮನಾರ್ಹ. ಹೆಣ್ಣಿನ ಹೆಸರೊಂದು ರಕ್ತಸಂಬಂಧವನ್ನೂ ವಿವಾಹಸಂಬಂಧವನ್ನೂ ದಾಟಿ ಮುಂದಿನ ಪೀಳಿಗೆಗೆ ನಡೆದ ನಿದರ್ಶನವಿದು.

ಹನ್ನೆರಡನೆಯ ಶತಮಾನದ ಶರಣೆಯರ ವಿಷಯ ಇನ್ನೂ ಸೂಕ್ಷ್ಮವಾದುದು. ವಚನಕಾರರ ಹೆಸರನ್ನು ಕಾಯ್ದುಕೊಡುವುದು ಅಂಕಿತ. ಆಯ್ದಕ್ಕಿ ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಮೋಳಿಗೆಯ ಮಾರಯ್ಯನದು ‘ನಿಃಕಳಂಕ ಮಲ್ಲಿಕಾರ್ಜುನ’. ಆತನ ಮಡದಿ ಮಹಾದೇವಿಯದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಬಸವಣ್ಣನವರ ಮಡದಿ ಗಂಗಾಂಬಿಕೆಯ ಅಂಕಿತವೋ ‘ಗಂಗಾಪ್ರಿಯ ಕೂಡಲಸಂಗಮದೇವ’. ಇಲ್ಲಿ ಗಂಡನ ಅಂಕಿತಕ್ಕೆ ಆಕೆಯ ಸ್ವಂತ ಹೆಸರೇ ವಿಶೇಷಣವಾಗಿ ಸೇರಿದೆ. ನೀಲಾಂಬಿಕೆ ‘ಸಂಗಯ್ಯ’ ಎಂದು ತನ್ನದೇ ರೂಪವನ್ನು ಕಟ್ಟಿಕೊಂಡಳು. ಗಂಡನನ್ನು ತೊರೆದ ಅಕ್ಕಮಹಾದೇವಿಗೆ ‘ಚೆನ್ನಮಲ್ಲಿಕಾರ್ಜುನ’ನ ಹೊರತು ಬೇರೆ ಹೆಸರು ಬೇಕಾಗಲಿಲ್ಲ.

ಈ ಅಂಕಿತಗಳನ್ನು ಒಟ್ಟಿಗಿಟ್ಟು ನೋಡಿದಾಗ ತಿಳಿದುಬರುವುದೇನು? ಗಂಡನ ಹೆಸರನ್ನೋ ಆತನ ದೈವದ ಹೆಸರನ್ನೋ ಹೆಣ್ಣು ತನ್ನ ನುಡಿಯಲ್ಲಿ ಒಳಗೊಳ್ಳುವುದು ಆ ಕಾಲಕ್ಕೆ ಅಪರೂಪವೇನೂ ಆಗಿರಲಿಲ್ಲ. ಆದರೆ ಪ್ರತಿಯೊಂದು ಎಡೆಯಲ್ಲೂ ಅದು ಕೂಡಿಕೆಯೇ. ‘ಮಾರಯ್ಯಪ್ರಿಯ’ ಎಂಬ ಸಮಾಸದಲ್ಲಿ ಮಾರಯ್ಯ ಲಕ್ಕಮ್ಮನನ್ನು ಅಳಿಸುವುದಿಲ್ಲ. ಆಕೆಯ ದೈವಕ್ಕೆ ವಿಶೇಷಣವಾಗುತ್ತಾನೆ. ಇದೇ ಲಕ್ಕಮ್ಮ ಮಾರಯ್ಯ ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳು. ಗಂಡನ ಹೆಸರನ್ನು ಅಂಕಿತದಲ್ಲಿ ಹೊತ್ತವಳೇ ಗಂಡನನ್ನು ತಿದ್ದಿದವಳೂ ಆದಳೆಂಬುದನ್ನು ಮರೆಯುವಂತಿಲ್ಲ. ಇನ್ನು ‘ಆಯ್ದಕ್ಕಿ’ ಎಂಬುದು ಇಬ್ಬರಿಗೂ ಸಮಾನವಾದ ಪೂರ್ವಪದ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋದುದಲ್ಲ. ಇಬ್ಬರೂ ಮಾಡಿದ ಕಾಯಕದಿಂದ ಬಂದುದು. ಸಂಸಾರಕ್ಕೊಂದು ಸಮಾನ ಹೆಸರು ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ಸಾಹಿತ್ಯದಲ್ಲಿ ದೊರೆಯಲಾರದು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಸಂಕಲನಗಳಲ್ಲಿ ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ’, ‘ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ’, ‘ಎಡೆಮಠದ ನಾಗಿದೇವಯ್ಯಗಳ ಪುಣ್ಯಸ್ತ್ರೀ ಮಸಣಮ್ಮ’ ಎಂಬ ತಲೆಬರಹಗಳು ಬರುತ್ತವೆ. ೧೯೯೩ರಲ್ಲಿ ಹೊರಬಂದ ಸಮಗ್ರ ವಚನ ಸಂಪುಟಗಳ ಪೈಕಿ ವೀರಣ್ಣ ರಾಜೂರರು ಸಂಪಾದಿಸಿದ ಶಿವಶರಣೆಯರ ಸಂಪುಟವನ್ನು ತೆರೆದವರಿಗೆ ಇವು ಪರಿಚಿತ. ಇವು ಶರಣೆಯರು ತಮ್ಮನ್ನು ಕರೆದುಕೊಂಡ ಬಗೆಯಲ್ಲ. ಸಂಕಲಿಸುವವರು ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲು ಇಟ್ಟ ಗುರುತು. ಕಾಳವ್ವೆಯರು ಇಬ್ಬರಿರುವಾಗ ಗುರುತು ಅವಶ್ಯಕವೂ ಹೌದು. ದಾಖಲೆಯವರಿಗೆ ಗುರುತು ಬೇಕು, ಆ ಗುರುತು ಸುಲಭವಾಗಿ ಸಿಗುವುದು ಗಂಡನಲ್ಲಿ. ದಿವಾದ ಪಡಿತರ ಚೀಟಿಯ ತರ್ಕವೂ ಇದೇ. ವ್ಯತ್ಯಾಸವಿಷ್ಟೆ: ಸಂಕಲನಕಾರರು ಕಾಳವ್ವೆಯನ್ನು ಕಾಳವ್ವೆಯಾಗಿಯೇ ಉಳಿಸಿ ಗುರುತನ್ನು ಹಿಂದೆ ಸೇರಿಸಿದರು.

ಮುಂದಿನ ಶತಮಾನಗಳಲ್ಲೂ ಇದೇ ರೀತಿ ಕಾಣುತ್ತದೆ. ಹೆಳವನಕಟ್ಟೆ ಗಿರಿಯಮ್ಮನ ಹೆಸರಿನ ಮುಂದಿರುವುದು ಆಕೆಯ ಆರಾಧ್ಯದೈವವಾದ ರಂಗನ ನೆಲೆ. ಚಿಕ್ಕದೇವರಾಜ ಒಡೆಯರ (೧೬೭೨-೧೭೦೪) ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಸಂಚಿಯ ಹೊನ್ನಮ್ಮ’ಳಾದಳು. ಪತಿವ್ರತಾಧರ್ಮವನ್ನೇ ವಸ್ತುವಾಗಿಸಿ ಹದಿಬದೆಯ ಧರ್ಮವನ್ನು ರಚಿಸಿದ ಕವಯಿತ್ರಿಯ ಹೆಸರಿನಲ್ಲಿ ಪತಿಯ ಸುಳಿವಿಲ್ಲ, ಮಾಡಿದ ಕೆಲಸದ ಸುಳಿವಿದೆ. ಪಾತಿವ್ರತ್ಯದ ಆದರ್ಶವನ್ನು ಒಪ್ಪಿದವರೂ ಅದಕ್ಕಾಗಿ ಹೆಸರನ್ನು ಬದಲಿಸಬೇಕೆಂದು ಭಾವಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

೩

ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಚಿತ್ರ ಬೇರೆಯಾಗುತ್ತದೆ. ಮುದ್ರಣ, ಶಾಲೆ, ಅಂಚೆ, ಕಚೇರಿಗಳು ಒಬ್ಬೊಬ್ಬರಿಗೂ ಸ್ಥಿರವಾದ ಪೂರ್ಣನಾಮವನ್ನು ಬೇಡಿದವು. ಹೆಣ್ಣಿನ ಪೂರ್ಣನಾಮ ಯಾವುದು ಎಂಬ ಪ್ರಶ್ನೆ ಆಗ ಮೊದಲಬಾರಿಗೆ ನಿಜವಾದ ಪ್ರಶ್ನೆಯಾಯಿತು.

ಕೊಡಗಿನ ಗೌರಮ್ಮನವರು (೧೯೧೨-೧೯೩೯) ತಮ್ಮ ಕತೆಗಳಿಗೆ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಸಹಿ ಮಾಡುತ್ತಿದ್ದರು. ಈ ಸಹಿಯಲ್ಲಿ ಗೌರಮ್ಮ ಎಂಬ ಹೆಸರೇ ಇಲ್ಲ. ಗಂಡನ ಮೊದಲಕ್ಷರಗಳು, ಗಂಡನ ಹೆಸರು, ಇಂಗ್ಲಿಷಿನಿಂದ ಬಂದ ಒಂದು ಗೌರವಪದ, ಇಷ್ಟರಿಂದಲೇ ಅದು ಪೂರ್ಣವಾಗುತ್ತದೆ. ‘ಮಾರಯ್ಯಪ್ರಿಯ’ಕ್ಕೂ ಇದಕ್ಕೂ ಇರುವ ಅಂತರವೇ ಸೇರ್ಪಡೆಗೂ ಬದಲಾವಣೆಗೂ ಇರುವ ಅಂತರ. ಆದರೆ ಓದುಗರು ಆ ಸಹಿಯನ್ನು ಉಳಿಸಿಕೊಳ್ಳಲಿಲ್ಲ. ಬೇಂದ್ರೆಯವರ ಕವಿತೆಯಲ್ಲಿ ಆಕೆ ‘ತಂಗಿ ಗೌರಮ್ಮ’. ಸಾಹಿತ್ಯ ಚರಿತ್ರೆಯಲ್ಲಿ ‘ಕೊಡಗಿನ ಗೌರಮ್ಮ’. ನಾಡು ಆಕೆಗೆ ಹೆಳವನಕಟ್ಟೆಯ ಗಿರಿಯಮ್ಮನ ಮಾದರಿಯಲ್ಲಿ, ಎಂದರೆ ನೆಲದ ಹೆಸರನ್ನು ಸೇರಿಸಿ, ಸ್ವಂತ ಹೆಸರನ್ನು ಮರಳಿ ಕೊಟ್ಟಿತು.

ಎಂ.ಕೆ. ಇಂದಿರಾ (೧೯೧೭-೧೯೯೪) ಅವರ ವಿಷಯ ಇನ್ನೂ ಬೋಧಪ್ರದ. ಫಣಿಯಮ್ಮದ ಲೇಖಕಿಯ ಹೆಸರಿನ ‘ಎಂ.ಕೆ.’ ಎಂಬುದು ಮಂಡಗದ್ದೆ ಕೃಷ್ಣರಾವ್, ಎಂದರೆ ಆಕೆಯ ಪತಿ. ತಂದೆ ತರೀಕೆರೆ ಸೂರ್ಯನಾರಾಯಣರಾಯರು. ಅದೇ ತಂದೆಯ ಮಗನಾದ, ಪ್ರಜಾವಾಣಿಯ ಸಂಪಾದಕರಾಗಿದ್ದ ಟಿ.ಎಸ್. ರಾಮಚಂದ್ರರಾಯರ ಹೆಸರಿನಲ್ಲಿ ತಂದೆಯ ಊರೂ ತಂದೆಯ ಹೆಸರೂ ಕೊನೆಯವರೆಗೆ ಉಳಿದವು. ಒಡಹುಟ್ಟಿದವರಿಬ್ಬರೂ ಕನ್ನಡ ಗದ್ಯಕ್ಕೆ ದುಡಿದವರು. ಆದರೂ ಸೂಚಿಯೊಂದರಲ್ಲಿ ಅವರ ಹೆಸರುಗಳನ್ನು ಕಂಡ ಹೊರನಾಡಿನ ಸಂಶೋಧಕನಿಗೆ ಅವರು ಒಂದೇ ಮನೆಯವರೆಂದು ಊಹಿಸಲು ದಾರಿಯಿಲ್ಲ. ಹಳೆಯ ಮೈಸೂರಿನ ಕಡೆ ಅಡ್ಡಹೆಸರೇ ಇಲ್ಲವಾದ್ದರಿಂದ ಅಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲವೆನ್ನುವವರು ಈ ಎರಡು ಮೊದಲಕ್ಷರಗಳನ್ನು ಗಮನಿಸಬೇಕು. ಅಡ್ಡಹೆಸರಿಲ್ಲದ ಕಡೆ ಬದಲಾವಣೆ ಮೊದಲಕ್ಷರಗಳಲ್ಲಿ ನಡೆಯುತ್ತದೆ.

ವೈದೇಹಿಯವರಲ್ಲಿ ಬದಲಾವಣೆ ಮೊದಲ ಹೆಸರಿನವರೆಗೂ ಬಂದಿದೆ. ಕುಂದಾಪುರದಲ್ಲಿ ವಾಸಂತಿಯಾಗಿ ಹುಟ್ಟಿದವರು ಮದುವೆಯ ಬಳಿಕ ಜಾನಕಿ ಶ್ರೀನಿವಾಸಮೂರ್ತಿಯಾದರು. ಸುಧಾ ಪತ್ರಿಕೆಗೆ ಕಳಿಸಿದ ಬರಹವನ್ನು ತಮ್ಮ ಹೆಸರಿನಲ್ಲಿ ಅಚ್ಚುಮಾಡಬಾರದೆಂದು ಕೇಳಿಕೊಂಡಾಗ ಸಂಪಾದಕರು ಇಟ್ಟ ಹೆಸರು ವೈದೇಹಿ. ಮೂರು ಹೆಸರುಗಳಲ್ಲಿ ಒಂದು ತವರಿನದು, ಒಂದು ಮದುವೆಯದು, ಮತ್ತೊಂದು ಪತ್ರಿಕೆಯದು. ೨೦೦೯ರಲ್ಲಿ ಕ್ರೌಂಚಪಕ್ಷಿಗಳು ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ನಾಡು ಗುರುತಿಸಿದ್ದು ಮೂರನೆಯದನ್ನು. ತ್ರಿವೇಣಿ (ಅನಸೂಯಾ ಶಂಕರ್), ವಾಣಿ (ಬಿ.ಎನ್. ಸುಬ್ಬಮ್ಮ) ಇವರ ಕಾವ್ಯನಾಮಗಳನ್ನು ಕೇವಲ ಅಲಂಕಾರವೆಂದು ನಾವು ತಿಳಿಯುವುದು ಸರಿಯಲ್ಲ. ಕಾವ್ಯನಾಮಕ್ಕೆ ತಂದೆಯ ಹಕ್ಕೂ ಇಲ್ಲ, ಗಂಡನ ಹಕ್ಕೂ ಇಲ್ಲ. ಅಂಕಿತದ ಆಧುನಿಕ ರೂಪವೆಂದು ಅದನ್ನು ಪರಿಗಣಿಸಬಹುದು.

ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದ ಮೊದಲ ಮೂವರು ಮಹಿಳೆಯರು ಜಯದೇವಿತಾಯಿ ಲಿಗಾಡೆ (ಮಂಡ್ಯ, ೧೯೭೪), ಶಾಂತಾದೇವಿ ಮಾಳವಾಡ (ಬಾಗಲಕೋಟೆ, ೨೦೦೦), ಕಮಲಾ ಹಂಪನಾ (ಮೂಡುಬಿದಿರೆ, ೨೦೦೩). ಮೂವರ ಎರಡನೆಯ ಹೆಸರೂ ಪತಿಯ ಕಡೆಯದು. ಆದರೆ ಮೂರೂ ಒಂದೇ ಬಗೆಯವಲ್ಲ. ಲಿಗಾಡೆ, ಮಾಳವಾಡ ಇವು ಮನೆತನದ ಹೆಸರುಗಳು. ಸೊಲ್ಲಾಪುರದ ಜಯದೇವಿಯವರಿಗೆ ‘ತಾಯಿ’ ಎಂಬುದನ್ನು ಜನ ಸೇರಿಸಿದರು. ಇಂದು ಉಳಿದವೆಲ್ಲಕ್ಕಿಂತ ಮುಂದಾಗಿ ನೆನಪಿಗೆ ಬರುವುದೂ ಅದೇ. ‘ಹಂಪನಾ’ ಎಂಬುದೋ ಮನೆತನದ ಹೆಸರೇ ಅಲ್ಲ. ಹಂಪಸಂದ್ರದ ನಾಗರಾಜಯ್ಯನವರು ತಮ್ಮ ಊರನ್ನೂ ಹೆಸರನ್ನೂ ಕೂಡಿಸಿ ಮಾಡಿಕೊಂಡ ಸಂಕ್ಷೇಪವದು. ದೇವನಹಳ್ಳಿಯಲ್ಲಿ ಹುಟ್ಟಿದ ಕಮಲಾ ಅವರ ಹೆಸರಿನಲ್ಲಿ ಹೀಗೆ ಹಂಪಸಂದ್ರ ಬಂದು ನಿಂತಿತು. ಅನುಪಮಾ ನಿರಂಜನ (೧೯೩೪-೧೯೯೧) ಅವರದು ಇದಕ್ಕೂ ಮುಂದಿನ ಹೆಜ್ಜೆ. ಹುಟ್ಟಿನ ಹೆಸರು ವೆಂಕಟಲಕ್ಷ್ಮಿ; ಅನುಪಮಾ ಲೇಖನಿಯ ಹೆಸರು; ನಿರಂಜನ ಎಂಬುದು ಕುಳಕುಂದ ಶಿವರಾಯರ ಲೇಖನಿಯ ಹೆಸರು. ಎರಡು ಕಾವ್ಯನಾಮಗಳು ಕೂಡಿ ಒಂದು ಹೆಸರಾಯಿತು. ಅವರ ಮಕ್ಕಳಿಗೆ ನಿರಂಜನ ಎಂಬುದು ಅಡ್ಡಹೆಸರೇ ಆಯಿತು. ಒಂದೇ ಪೀಳಿಗೆಯಲ್ಲಿ ಅಡ್ಡಹೆಸರು ಹುಟ್ಟುವುದನ್ನು ನಾವಿಲ್ಲಿ ಕಣ್ಣಾರೆ ಕಾಣುತ್ತೇವೆ. ಅಡ್ಡಹೆಸರು ಅನಾದಿಯೆಂಬ ನಂಬಿಕೆಗೆ ಇದೊಂದು ನಿದರ್ಶನವೇ ಸಾಕಷ್ಟು ಉತ್ತರ.

೪

ಈಗ ಕರಾವಳಿಯಿಂದ ದಿವಾ-ಡೊಂಬಿವಲಿಗಳಿಗೆ ಬಂದು ನೆಲಸಿದವರ ಹೆಸರುಗಳತ್ತ ತಿರುಗೋಣ. ಪ್ರಶ್ನೆಯ ನಿಜವಾದ ಗಂಟು ಇರುವುದು ಇಲ್ಲಿ ಎಂಬುದು ನಮ್ಮ ಅಭಿಪ್ರಾಯ. ಸಾಲ್ಯಾನ್, ಕೋಟ್ಯಾನ್, ಸುವರ್ಣ, ಬಂಗೇರ, ಕರ್ಕೇರ, ಕುಂದರ್ ಮೊದಲಾದ ಹೆಸರುಗಳನ್ನು ಮುಂಬಯಿಯವರು ಅಡ್ಡಹೆಸರುಗಳೆಂದೇ ಬಲ್ಲರು. ಆದರೆ ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಇವು ಮೂಲತಃ ಬರಿಯ ಹೆಸರುಗಳು. ಬರಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯಿಂದಲ್ಲ. ಒಂದೇ ಬರಿಯವರು ಒಡಹುಟ್ಟಿದವರಿಗೆ ಸಮಾನ. ಅವರ ನಡುವೆ ಮದುವೆ ನಿಷಿದ್ಧ. ಮದುವೆಯಿಂದ ಹೆಣ್ಣಿನ ಬರಿ ಬದಲಾಗುವುದಿಲ್ಲ. ಆಕೆ ಬದುಕಿರುವವರೆಗೂ ತಾಯಿಯ ಬರಿಯವಳೇ.

ಕೋಟ್ಯಾನ್ ಬರಿಯ ಗಂಡೊಬ್ಬ ಸಾಲ್ಯಾನ್ ಬರಿಯ ಹೆಣ್ಣನ್ನು ಮದುವೆಯಾದನೆನ್ನೋಣ. ಬರಿಯ ಲೆಕ್ಕದಲ್ಲಿ ಮಡದಿ ಸಾಲ್ಯಾನ್, ಮಕ್ಕಳೂ ಸಾಲ್ಯಾನ್. ಠಾಣೆ ಜಿಲ್ಲೆಯ ಕಾಗದಪತ್ರದಲ್ಲಿ ರೂಢಿಯಂತೆ ಬರೆಸಿದರೆ ಮಡದಿ ಕೋಟ್ಯಾನ್, ಮಕ್ಕಳೂ ಕೋಟ್ಯಾನ್. ಪರಿಣಾಮವನ್ನು ನೋಡಿ. ಗಂಡಹೆಂಡಿರು ಒಂದೇ ಬರಿಯ ಹೆಸರನ್ನು ಹೊತ್ತು, ಬರಿಯ ನಿಯಮದ ಪ್ರಕಾರ ಮದುವೆಯಾಗಲೇ ಬಾರದಿದ್ದವರಂತೆ ದಾಖಲೆಯಲ್ಲಿ ಕಾಣಿಸಿಕೊಳ್ಳುತ್ತಾರೆ. ಮುಂದೆ ಅವರ ಮಗಳಿಗೆ ವರನನ್ನು ಹುಡುಕುವಾಗ ಕಾಗದದ ಹೆಸರು ದಾರಿತಪ್ಪಿಸುತ್ತದೆ. ನಿಜವಾದ ಕೋಟ್ಯಾನ್ ಬರಿಯ ಹುಡುಗನೊಡನೆ ಆಕೆಗೆ ಬರಿಯ ನಿಷೇಧವಿಲ್ಲ, ಆದರೆ ಹೆಸರು ಒಂದೇ. ಸಾಲ್ಯಾನ್ ಬರಿಯ ಹುಡುಗನೊಡನೆ ನಿಷೇಧವಿದೆ, ಆದರೆ ಹೆಸರು ಬೇರೆ. ಆದ್ದರಿಂದಲೇ ಹಿರಿಯರು ಹೆಸರನ್ನು ಕೇಳಿದ ಬಳಿಕವೂ ತಾಯಿಯ ಬರಿ ಯಾವುದೆಂದು ಮತ್ತೆ ಕೇಳುತ್ತಾರೆ. ಬಂಟರಲ್ಲಿ ಶೆಟ್ಟಿ, ರೈ, ಆಳ್ವ, ಹೆಗ್ಡೆ ಎಂಬವು ಬೇರೆ, ತಾಯಿಯಿಂದ ಬರುವ ಬಳಿ ಬೇರೆ. ಅಲ್ಲಿ ಗಂಡಹೆಂಡಿರಿಬ್ಬರೂ ಶೆಟ್ಟಿಯೇ ಆಗಿರುವುದು ಸಾಮಾನ್ಯವಾದ್ದರಿಂದ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಬಳಿ ಕಾಗದಕ್ಕೆ ಬಾರದೆ ಮನೆಯವರ ನೆನಪಿನಲ್ಲಿ ಮಾತ್ರ ಬದುಕುತ್ತದೆ.

ಈ ಪಲ್ಲಟಕ್ಕೆ ಮುಂಬಯಿಯೊಂದೇ ಹೊಣೆಯೆನ್ನುವಂತಿಲ್ಲ. ತಂದೆಯ ಬರಿಯನ್ನು ಮಕ್ಕಳ ಹೆಸರಿಗೆ ಸೇರಿಸುವ ರೂಢಿ ಊರಿನಲ್ಲೂ ಬೆಳೆದಿದೆ. ಅಳಿಯಸಂತಾನದ ಆಸ್ತಿಕ್ರಮವನ್ನು ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ ಕ್ರಮಬದ್ಧಗೊಳಿಸಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಆ ಆಸ್ತಿಯ ಪಾಲನ್ನೂ ಸಾಮಾನ್ಯ ಉತ್ತರಾಧಿಕಾರದ ವ್ಯಾಪ್ತಿಗೆ ತಂದಿತು. ಆಸ್ತಿ ತಾಯಿಯ ಸಾಲನ್ನು ಬಿಟ್ಟಮೇಲೆ ಹೆಸರೂ ಬಿಡುವುದು ಸಹಜವಿದ್ದೀತು. ಆದರೆ ಇಷ್ಟಂತೂ ನಿಶ್ಚಯ: ಮದುವೆಯ ನಂತರ ಗಂಡನ ಅಡ್ಡಹೆಸರನ್ನು ಧರಿಸುವುದೇ ನಮ್ಮ ಹಿರಿಯರ ಪದ್ಧತಿಯೆಂದು ಈ ಸಮುದಾಯಗಳವರಾರಾದರೂ ಹೇಳಿದರೆ, ಅದು ಅವರ ಹಿರಿಯರ ಪದ್ಧತಿಗೆ ನೇರ ವಿರುದ್ಧವಾದ ಮಾತು. ಹಿರಿಯರ ಪದ್ಧತಿಯಲ್ಲಿ ಹೆಸರು ಹೆಣ್ಣಿನಿಂದ ಹರಿಯುತ್ತಿತ್ತು.

೫

ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಮದುವೆಯಾದ ಹೆಣ್ಣು ಹೆಸರು ಬದಲಿಸಬೇಕೆಂದು ವಿಧಿಸುವ ಕಾಯಿದೆ ಭಾರತದಲ್ಲಿಲ್ಲ. ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲೂ ಅಂಥ ಕಲಮಿಲ್ಲ. ಪಾಸ್‌ಪೋರ್ಟಿಗಾಗಿ ವಿವಾಹಿತೆಯರು ಹೆಸರು ಬದಲಿಸಬೇಕಾಗಿಲ್ಲವೆಂದು ೨೦೧೭ರ ಏಪ್ರಿಲಿನಲ್ಲಿ ಪ್ರಧಾನಮಂತ್ರಿಗಳು ಘೋಷಿಸಿದರು. ಬಲವಂತ ಇರುವುದು ರೂಢಿಯಲ್ಲಿ ಮತ್ತು ನಮೂನೆಯಲ್ಲಿ. ಮಹಾರಾಷ್ಟ್ರ ಸಚಿವ ಸಂಪುಟ ೨೦೨೪ರ ಮಾರ್ಚಿನಲ್ಲಿ ಕೈಗೊಂಡ ನಿರ್ಣಯದಂತೆ ೨೦೨೪ರ ಮೇ ೧ರಂದು ಹಾಗೂ ಅನಂತರ ಹುಟ್ಟಿದವರ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಕಡ್ಡಾಯವಾಯಿತು. ಇದು ಸ್ವಾಗತಾರ್ಹ. ಆದರೆ ವಿವಾಹಿತೆಯರಿಗೆ ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂಬ ಹಿಂದಿನ ಕ್ರಮವನ್ನೇ ನಿರ್ಣಯ ಮುಂದುವರಿಸಿತು. ಹಾಗಾದರೆ ಇಂದು ದಿವಾದಲ್ಲಿ ಹುಟ್ಟುವ ಹೆಣ್ಣುಮಗುವಿನ ಹೆಸರಿನೊಳಗೆ ತಾಯಿ ಎಷ್ಟು ಕಾಲ ಇರಬಲ್ಲಳು? ಮಗನ ಹೆಸರಿನಲ್ಲಿ ಜೀವಮಾನವಿಡೀ ಉಳಿಯುವ ತಾಯಿ ಮಗಳ ಹೆಸರಿನಲ್ಲಿ ಮದುವೆಯ ದಿನದವರೆಗೆ ಮಾತ್ರ ಇ‌ರಬೇಕೆ?

ಬೇರೆ ನಾಡುಗಳ ಅನುಭವವೂ ಇಲ್ಲಿ ಪ್ರಸ್ತುತ. ಜಪಾನಿನ ನಾಗರಿಕ ಸಂಹಿತೆಯ ೭೫೦ನೆಯ ಕಲಮು ದಂಪತಿಗಳು ಒಂದೇ ಮನೆತನದ ಹೆಸರನ್ನು ಹೊಂದಿರಬೇಕೆನ್ನುತ್ತದೆ. ಯಾರ ಹೆಸರನ್ನಾದರೂ ಆರಿಸಬಹುದೆಂದು ಕಲಮು ಹೇಳಿದರೂ ಸುಮಾರು ನೂರಕ್ಕೆ ತೊಂಬತ್ತೈದು ದಂಪತಿಗಳಲ್ಲಿ ಹೆಸರು ಬದಲಿಸುವವಳು ಹೆಣ್ಣೇ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ೨೦೧೫ರಲ್ಲೂ ೨೦೨೧ರಲ್ಲೂ ಈ ಕಲಮನ್ನು ಎತ್ತಿಹಿಡಿಯಿತು. ಇದಕ್ಕೆ ಪ್ರತಿಯಾಗಿ ಕೆನಡಾದ ಕ್ವಿಬೆಕ್ ಪ್ರಾಂತ್ಯ ೧೯೮೧ರಿಂದಲೂ ಗ್ರೀಸ್ ೧೯೮೩ರಿಂದಲೂ ಹೆಣ್ಣು ಹುಟ್ಟಿನ ಹೆಸರನ್ನೇ ಉಳಿಸಿಕೊಳ್ಳುವಂತೆ ಕಾನೂನು ಮಾಡಿದವು. ಒಂದೆಡೆ ಬದಲಿಸಲೇಬೇಕು, ಇನ್ನೊಂದೆಡೆ ಉಳಿಸಿಕೊಳ್ಳಲೇಬೇಕು. ಈ ಎರಡು ಕಡ್ಡಾಯಗಳ ನಡುವೆ ಲಕ್ಕಮ್ಮನ ಅಂಕಿತಕ್ಕೆ ಎಡೆಯಿಲ್ಲ.

೬

ಹೆಸರು ಬದಲಿಸುವುದನ್ನು ಸಮರ್ಥಿಸುವವರ ವಾದಗಳಲ್ಲಿ ಎರಡನ್ನು ಗಂಭೀರವಾಗಿ ಪರಿಗಣಿಸಬೇಕು. ಸಂಸಾರದವರೆಲ್ಲರಿಗೂ ಒಂದೇ ಹೆಸರಿದ್ದರೆ ಶಾಲೆ, ಆಸ್ಪತ್ರೆ, ಪ್ರಯಾಣಗಳಲ್ಲಿ ಅನುಕೂಲವೆಂಬುದು ಮೊದಲನೆಯದು. ಈ ಅನುಕೂಲ ನಿಜ. ಆದರೆ ಅದು ದಾಖಲೆಯವರ ಅನುಕೂಲ. ಸಂಸಾರದ ಐಕ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಬರಿಯ ಪದ್ಧತಿಯಲ್ಲಿ ಗಂಡಹೆಂಡಿರ ಹೆಸರು ಬೇರೆಯಾಗಿರುವುದೇ ಮದುವೆಯ ಷರತ್ತಾಗಿತ್ತು. ಅದರಿಂದ ಸಂಸಾರಗಳೇನೂ ಒಡೆಯಲಿಲ್ಲ. ತವರಿನ ಅಡ್ಡಹೆಸರೂ ತಂದೆಯದೇ, ಒಬ್ಬ ಗಂಡಸಿನ ಹೆಸರನ್ನು ಬಿಟ್ಟು ಇನ್ನೊಬ್ಬ ಗಂಡಸಿನ ಹೆಸರನ್ನು ಹಿಡಿದರೇನು ಎಂಬುದು ಎರಡನೆಯದು. ಇದಕ್ಕೆ ನಮ್ಮ ಉತ್ತರವಿದು: ಹುಟ್ಟಿನಿಂದ ಬಂದ ಹೆಸರು ಮೂಲದಲ್ಲಿ ಯಾರದಾಗಿದ್ದರೂ ಇಪ್ಪತ್ತೈದು ವರ್ಷ ಅದನ್ನು ಹೊತ್ತು ಓದಿ, ಬರೆದು, ದುಡಿದವಳು ಅದನ್ನು ತನ್ನದಾಗಿಸಿಕೊಂಡಿರುತ್ತಾಳೆ. ಆಕೆಯ ಅಣ್ಣನ ಹೆಸರೂ ತಂದೆಯಿಂದಲೇ ಬಂದುದು. ಅದು ಆತನ ಸ್ವಂತದ್ದೆಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ.

ಇದೇ ವೇಳೆ, ಹುಟ್ಟಿನ ಅಡ್ಡಹೆಸರನ್ನು ಬಿಡಬಾರದೆಂಬ ಘೋಷಣೆಯನ್ನೂ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಕನ್ನಡದಲ್ಲಿ ಗಂಡನ ಸ್ವಂತ ಹೆಸರನ್ನು ಎರಡನೆಯದಾಗಿ ಸೇರಿಸಿಕೊಳ್ಳುವ ರೀತಿ ಮನೆತನದ ಹೆಸರನ್ನು ಧರಿಸುವ ರೀತಿಗಿಂತ ಭಿನ್ನ. ಮನೆತನದ ಹೆಸರು ಹಲವು ವೇಳೆ ಜಾತಿಯನ್ನು ಹೇಳುತ್ತದೆ. ‘ನಿರಂಜನ’ ಹೇಳುವುದಿಲ್ಲ, ‘ಹಂಪನಾ’ ಹೇಳುವುದಿಲ್ಲ. ಜಾತಿಯ ಗೆರೆಯನ್ನು ದಾಟಿ ಮದುವೆಯಾದ ಹೆಣ್ಣಿಗೆ ತವರಿನ ಅಡ್ಡಹೆಸರು ಹಿಂದಕ್ಕೆ ಎಳೆಯುವ ಹಗ್ಗವಾಗಬಹುದು. ಸಂಗಾತಿಯ ಹೆಸರು ಆಕೆ ತಾನಾಗಿ ಮಾಡಿದ ಆಯ್ಕೆಯ ಗುರುತಾಗಬಹುದು. ಆದ್ದರಿಂದ ಯಾವ ಹೆಸರು ಎಂಬುದಕ್ಕಿಂತ, ಆಯ್ಕೆ ಯಾರದು ಮತ್ತು ಆಯ್ಕೆಯಾದ ಮೇಲೆ ಆಕೆಯ ಹಿಂದಿನ ಬದುಕು ದಾಖಲೆಯಲ್ಲಿ ಉಳಿಯುತ್ತದೆಯೆ ಎಂಬುವೇ ಮುಖ್ಯವಾದ ಪ್ರಶ್ನೆಗಳು.

ಇಷ್ಟರಿಂದ ನಾವು ತಲುಪುವ ನಿಲುವು ಹೀಗಿದೆ. ಮದುವೆಯ ಕಾರಣಕ್ಕಾಗಿ ಹೆಣ್ಣು ತನ್ನ ಹೆಸರನ್ನು ಬದಲಿಸಬೇಕಾಗಿಲ್ಲ. ಬದಲಿಸಬೇಕೆಂದು ಕೇಳುವ ಹಕ್ಕು ಮನೆಗೂ ಇಲ್ಲ, ಕಚೇರಿಗೂ ಇಲ್ಲ. ಆಕೆ ತಾನಾಗಿ ಒಂದು ಸಂಬಂಧವನ್ನು ಹೆಸರಿಗೆ ಸೇರಿಸಿಕೊಳ್ಳಬಯಸಿದರೆ ಅದು ಮಾರಯ್ಯಪ್ರಿಯದಂತೆ ಸೇರ್ಪಡೆಯಾಗಲಿ. ಸೇರಿದ್ದನ್ನು ಮುಂದೆ ಬಿಡಬೇಕಾಗಿ ಬಂದರೆ, ವೈಧವ್ಯದಲ್ಲಾಗಲಿ ವಿಚ್ಛೇದನದಲ್ಲಾಗಲಿ, ಆಕೆಯ ಹೆಸರು ಮುರಿಯದೆ ಉಳಿಯುವುದು ಸೇರ್ಪಡೆಯಲ್ಲಿ ಮಾತ್ರ ಸಾಧ್ಯ. ಬದಲಿಸಿದ ಹೆಸರನ್ನು ಮತ್ತೆ ಬದಲಿಸುವಾಗ ಆಕೆ ಪದವಿ ಪತ್ರದಿಂದ ಬ್ಯಾಂಕಿನ ಪುಸ್ತಕದವರೆಗೆ ತಾನೇ ತಾನೆಂದು ಎರಡನೆಯ ಸಲ ರುಜುವಾತುಪಡಿಸಬೇಕಾಗುತ್ತದೆ.

೭

ಕೊನೆಯದಾಗಿ, ನಾಡಿನ ಹೊರಗಿದ್ದು ಕನ್ನಡವನ್ನು ಅಭ್ಯಸಿಸುವ ಸಂಶೋಧಕರ ಹೊಣೆಯನ್ನು ಕುರಿತು ಒಂದೆರಡು ಮಾತು. ೨೦೨೫ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದಾಗ ಹೊರದೇಶದ ಪತ್ರಿಕೆಗಳು ತಮ್ಮ ರೂಢಿಯಂತೆ ಲೇಖಕಿಯನ್ನು ‘ಮುಷ್ತಾಕ್’ ಎಂದು ಉಲ್ಲೇಖಿಸಿದವು. ಅದು ಮನೆತನದ ಹೆಸರಲ್ಲ, ಪತಿಯ ಸ್ವಂತ ಹೆಸರು. ಕೊನೆಯ ಪದವೇ ಅಡ್ಡಹೆಸರೆಂಬ ಗ್ರಂಥಾಲಯದ ನಿಯಮವನ್ನು ಕನ್ನಡದ ಲೇಖಕಿಯರಿಗೆ ಅನ್ವಯಿಸಿದಾಗಲೆಲ್ಲ ನಾವು ಅವರ ಕೃತಿಗಳನ್ನು ಅವರ ಗಂಡಂದಿರ ಹೆಸರಿನಡಿ ಜೋಡಿಸುತ್ತಿರುತ್ತೇವೆ. ಚಂದ್ರಗಿರಿಯ ತೀರದಲ್ಲಿ ಬರೆದ ಕಾಸರಗೋಡಿನ ಸಾರಾ ಅಬೂಬಕ್ಕರ್ (೧೯೩೬-೨೦೨೩) ಅವರನ್ನು ‘ಅಬೂಬಕ್ಕರ್’ ಎಂಬಲ್ಲಿ ಹುಡುಕಬೇಕಾಗುವುದೂ ಇದೇ ನಿಯಮದ ಫಲ. ಕನ್ನಡದ ಸೂಚಿಗಳಲ್ಲಿ ಸ್ವಂತ ಹೆಸರೇ ಮೊದಲ ಉಲ್ಲೇಖವಾಗಬೇಕು. ಹುಟ್ಟಿನ ಹೆಸರು, ಮದುವೆಯ ನಂತರದ ಹೆಸರು, ಕಾವ್ಯನಾಮ ಇವು ಮೂರೂ ತಿಳಿದಿರುವಲ್ಲಿ ಪರಸ್ಪರ ಸೂಚನೆಗಳನ್ನು ಕೊಡಬೇಕು. ಮದುವೆಗೆ ಮೊದಲು ಒಂದೆರಡು ಕತೆಗಳನ್ನೋ ಪ್ರಬಂಧವನ್ನೋ ಅಚ್ಚಿಗೆ ಕೊಟ್ಟು ಅನಂತರ ಬೇರೆ ಹೆಸರಿನಲ್ಲಿ ಬರೆದವರ ಮೊದಲ ಬರಹಗಳು ಅನಾಥವಾಗದಂತೆ ತಡೆಯಲು ಬೇರೆ ಉಪಾಯವಿಲ್ಲ.

ಮುಂಬಯಿ ಮತ್ತು ಠಾಣೆ ಜಿಲ್ಲೆಯ ಕನ್ನಡಿಗರ ಮಟ್ಟಿಗೆ ಈ ಕೆಲಸಕ್ಕೆ ಆಕರಗಳು ಕೈಗೆ ಎಟಕುವಂತಿವೆ. ಮೊಗವೀರ, ಅಕ್ಷಯ, ಬಂಟರವಾಣಿಗಳಂಥ ಸಮುದಾಯ ಪತ್ರಿಕೆಗಳ ಸಂಪುಟಗಳಲ್ಲಿ ಲೇಖಕಿಯರ ಸಹಿಗಳಿವೆ, ವಿವಾಹ ವಾರ್ತೆಗಳಿವೆ, ಶ್ರದ್ಧಾಂಜಲಿಗಳಿವೆ. ಒಬ್ಬಳೇ ಹೆಣ್ಣು ಮೂರು ಕಡೆ ಮೂರು ಹೆಸರಿನಿಂದ ಕಾಣಿಸಿಕೊಂಡಿರುವ ಸಾಧ್ಯತೆ ಇಲ್ಲಿ ಹೆಚ್ಚು. ಆ ಹೆಸರುಗಳನ್ನು ಹೊಂದಿಸಿ, ತಾಯಿಯ ಬರಿಯನ್ನೂ ತಿಳಿದಷ್ಟು ದಾಖಲಿಸಿ ಒಂದು ಪಟ್ಟಿಯನ್ನು ಸಿದ್ಧಪಡಿಸುವುದು ಮೊದಲು ಆಗಬೇಕಾದ ಕೆಲಸ. ಬರಿಯನ್ನು ಬಾಯಿಯಲ್ಲಿ ಹೇಳಬಲ್ಲ ಹಿರಿಯ ಹೆಂಗಸರು ಇನ್ನೂ ನಮ್ಮ ನಡುವೆ ಇರುವಾಗಲೇ ಅದು ಆಗಬೇಕು.